ಸುಮ್ಮನಿರುವುದೂ ಒಂದು ಕೆಲಸ: ಕೋರ್, ಕರೆಂಟ್ ಮತ್ತು ಅಪ್‌ಡೇಟ್

ಈಸ್ಟ್‌ಗೇಟ್‌ನಿಂದ ಮಾತಾಡುತ್ತಿದ್ದೇನೆ. ಈ ಕಡೆಯ ಪರಿಚಯ ಇಲ್ಲದವರಿಗೆ ಹೇಳುವುದಾದರೆ, ಸಿಯಾಟಲ್‌ನಿಂದ ಸರೋವರ ದಾಟಿ ಪೂರ್ವಕ್ಕೆ ಬಂದರೆ ಬೆಲ್ವ್ಯೂ ಸಿಗುತ್ತದೆ, ಅದರ ಒಂದು ಭಾಗ ಈ ಈಸ್ಟ್‌ಗೇಟ್. ಪಕ್ಕದಲ್ಲೇ ಐ-90 ಹೆದ್ದಾರಿ, ಇಲ್ಲೇ ಬೆಲ್ವ್ಯೂ ಕಾಲೇಜು. 148ನೇ ಅವೆನ್ಯೂ ಹಿಡಿದು ಉತ್ತರಕ್ಕೆ ಹೋದರೆ ರೆಡ್ಮಂಡ್, ಅಲ್ಲಿ ಮೈಕ್ರೋಸಾಫ್ಟ್. ಇಲ್ಲಿನ ಎಷ್ಟೋ ಕನ್ನಡದ ಮನೆಗಳಲ್ಲಿ ಅಪ್ಪನೋ ಅಮ್ಮನೋ ದಿನಾ ಓಡಾಡುವ ದಾರಿ ಅದು.

ಪ್ರತಿ ತಿಂಗಳ ಎರಡನೇ ಮಂಗಳವಾರ, ನಮ್ಮ ಸಮಯ ಬೆಳಿಗ್ಗೆ 10 ಗಂಟೆಗೆ, ಆ ರಸ್ತೆಯ ಆ ತುದಿಯಿಂದ ಜಗತ್ತಿನ ಕೋಟಿಗಟ್ಟಲೆ ಕಂಪ್ಯೂಟರ್‌ಗಳಿಗೆ ವಿಂಡೋಸ್ ಅಪ್‌ಡೇಟ್ ಹೊರಡುತ್ತದೆ. 2003ರ ಅಕ್ಟೋಬರ್‌ನಿಂದ ನಡೆದು ಬಂದಿರುವ ಪದ್ಧತಿ ಇದು. ಆಗ ಬೆಂಗಳೂರಿನಲ್ಲಿ ರಾತ್ರಿ ಹತ್ತೂವರೆ, ಚಳಿಗಾಲದಲ್ಲಾದರೆ ಹನ್ನೊಂದೂವರೆ. ಅಜ್ಜಿ ತಾತ ಮಲಗುವ ಹೊತ್ತು. ನೀವು ಇಲ್ಲಿ ಕ್ಲಾಸಿನಲ್ಲಿ ಕೂತು 'ಆಮೇಲೆ ನೆನಪಿಸು' ಎಂದು ಒತ್ತುತ್ತೀರಿ, ಅವರು ಅಲ್ಲಿ ಮರುದಿನ ಬೆಳಿಗ್ಗೆ ಎದ್ದು 'ಇದೇನೋ ಬಂದಿದೆ, ಒತ್ತಲಾ ಬೇಡವಾ' ಎಂದು ನಿಮಗೆ ವಾಟ್ಸಾಪ್ ಮಾಡುತ್ತಾರೆ. ಒತ್ತುವ ಮುಂಚೆ ಅದರೊಳಗೆ ಏನಿರುತ್ತದೆ ಎಂದು ತಿಳಿದಿರುವುದು ಒಳ್ಳೆಯದು. ವೈರಸ್ ತಡೆಯುವುದು, ತೂತು ಮುಚ್ಚುವುದು, ಇದೆಲ್ಲ ನಿಮಗೆ ಗೊತ್ತು. ನಾನು ಇವತ್ತು ಹೇಳಹೊರಟಿರುವುದು ಕಡಿಮೆ ಜನ ಮಾತಾಡುವ ಇನ್ನೊಂದು ವಿಷಯ: ಪ್ರಾಸೆಸರ್ ಎಷ್ಟು ಕರೆಂಟ್ ತಿನ್ನಬೇಕು, ಯಾವ ಕೋರ್ ಯಾವಾಗ ಮಲಗಬೇಕು ಎನ್ನುವುದನ್ನು ತೀರ್ಮಾನಿಸುವುದರಲ್ಲಿ ದೊಡ್ಡ ಪಾಲು ಆಪರೇಟಿಂಗ್ ಸಿಸ್ಟಂನದು. ಆ ತೀರ್ಮಾನ ಬದಲಾಗುವುದು ಅಪ್‌ಡೇಟ್ ಮೂಲಕ.

ಮೊದಲು, ಒಂದು ಚಿಪ್‌ನಲ್ಲಿ ಇಷ್ಟೊಂದು ಕೋರ್‌ಗಳು ಯಾಕೆ ಬಂದವು ಎಂದು ನೋಡೋಣ. 1974ರಲ್ಲಿ ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು ಒಂದು ಲೆಕ್ಕ ತೋರಿಸಿದರು. ಟ್ರಾನ್ಸಿಸ್ಟರನ್ನು ಚಿಕ್ಕದು ಮಾಡುತ್ತಾ ಹೋದ ಹಾಗೆ ಅದಕ್ಕೆ ಬೇಕಾದ ವೋಲ್ಟೇಜನ್ನೂ ಇಳಿಸಬಹುದು, ಹಾಗಾಗಿ ಅದೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರ್ ತುಂಬಿದರೂ ಬಿಸಿ ಹೆಚ್ಚುವುದಿಲ್ಲ. ಮೂವತ್ತು ವರ್ಷ ಇಡೀ ಉದ್ಯಮ ಈ ಲೆಕ್ಕದ ಮೇಲೆ ನಡೆಯಿತು. ಪ್ರತಿ ಹೊಸ ಪ್ರಾಸೆಸರ್ ಹಿಂದಿನದಕ್ಕಿಂತ ಜೋರು, ಯಾರೂ ಏನೂ ಬದಲಾಯಿಸಬೇಕಾಗಿರಲಿಲ್ಲ. 2004ರ ಹೊತ್ತಿಗೆ ಆ ಲೆಕ್ಕ ಕೈಕೊಟ್ಟಿತು. ವೋಲ್ಟೇಜ್ ಇನ್ನು ಇಳಿಯಲೊಲ್ಲದು, ವೇಗ ಏರಿಸಿದರೆ ಚಿಪ್ ಸುಡುತ್ತದೆ. ಇಂಟೆಲ್‌ನ ಪೆಂಟಿಯಂ 4 3.8 ಗಿಗಾಹರ್ಟ್ಸ್‌ಗೆ ಬಂದು ನಿಂತಿತು. ಒಂದು ಚಿಪ್‌ಗೇ 115 ವ್ಯಾಟ್. 4 ಗಿಗಾಹರ್ಟ್ಸ್ ಪ್ರಾಸೆಸರ್ ಕೊಡುತ್ತೇವೆ ಎಂದಿದ್ದ ಕಂಪನಿ ಅದನ್ನು ಕೈಬಿಟ್ಟಿತು. ಆಗಿನ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಒಂದು ಸಮ್ಮೇಳನದ ವೇದಿಕೆಯ ಮೇಲೆ ಮಂಡಿಯೂರಿ, ತಮಾಷೆಯಾಗಿಯೇ ಆದರೂ, ಕ್ಷಮೆ ಕೇಳಿದರು.

ಮುಂದಿನ ದಾರಿ ಹೇಗೆ ಸಿಕ್ಕಿತು ಎಂಬುದಕ್ಕೆ ಒಂದು ಸಣ್ಣ ಗುಣಾಕಾರ ಸಾಕು. ಪ್ರಾಸೆಸರ್ ಓಡುವಾಗ ತಿನ್ನುವ ವಿದ್ಯುತ್ತು ವೇಗದ ಜೊತೆ ಏರುತ್ತದೆ, ವೋಲ್ಟೇಜಿನ ವರ್ಗದ ಜೊತೆಯೂ ಏರುತ್ತದೆ. ವರ್ಗ ಎಂದರೆ ಅದೇ ಸಂಖ್ಯೆಯನ್ನು ಅದರಿಂದಲೇ ಗುಣಿಸುವುದು. ಈಗ ವೇಗವನ್ನೂ ವೋಲ್ಟೇಜನ್ನೂ 80 ಶೇಕಡಕ್ಕೆ ಇಳಿಸಿ. 0.8 ಅನ್ನು ಮೂರು ಸಲ ಗುಣಿಸಿದರೆ 0.512. ಅಂದರೆ ವೇಗ ಐದರಲ್ಲಿ ಒಂದು ಪಾಲು ಕಡಿಮೆ ಆಯಿತು, ಖರ್ಚು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಉಳಿದ ಅರ್ಧದಲ್ಲಿ ಇನ್ನೊಂದು ಕೋರ್ ಇಟ್ಟುಕೊಳ್ಳಬಹುದು. ಮೊದಲಿದ್ದಷ್ಟೇ ಕರೆಂಟಿನಲ್ಲಿ ಎರಡು ಕೋರ್ ಸೇರಿ 1.6 ಪಟ್ಟು ಕೆಲಸ. 2005ರಲ್ಲಿ ಇಂಟೆಲ್‌ನ ಪೆಂಟಿಯಂ ಡಿ, ಎಎಂಡಿಯ ಅಥ್ಲಾನ್ 64 ಎಕ್ಸ್2 ಬಂದದ್ದು ಈ ಲೆಕ್ಕದಿಂದ. ನಿಮ್ಮಲ್ಲಿ ಕೆಲವರು ಹುಟ್ಟಿದ್ದು ಸರಿಸುಮಾರು ಆಗಲೇ.

ಆದರೆ ಈ 1.6 ಪಟ್ಟು ತಾನಾಗಿ ಕೈಗೆ ಬರುವುದಿಲ್ಲ. ಕೆಲಸ ಹಂಚುವವರು ಬೇಕು. ಇದಕ್ಕೆ ನಮ್ಮ ಮದುವೆ ಮನೆಯ ಅಡುಗೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಊರಿಗೆ ಹೋದಾಗ ಛತ್ರದ ಹಿಂದಿನ ಅಡುಗೆಮನೆಗೆ ಹೋಗಿ ನೋಡಿದ್ದರೆ ಗೊತ್ತಿರುತ್ತದೆ. ಸಾಲಾಗಿ ನಾಲ್ಕಾರು ಒಲೆ, ಒಂದರಲ್ಲಿ ಅನ್ನ, ಒಂದರಲ್ಲಿ ಹುಳಿ, ಒಂದರಲ್ಲಿ ಪಾಯಸ. ಮುಖ್ಯ ಭಟ್ಟರು ಸ್ವತಃ ಸೌಟು ಹಿಡಿಯುವುದು ಕಡಿಮೆ. ಯಾವ ಒಲೆಯಲ್ಲಿ ಏನು, ಯಾರು ನೋಡಿಕೊಳ್ಳಬೇಕು, ಎಲ್ಲಿ ಉರಿ ಜೋರು, ಎಲ್ಲಿ ಸಣ್ಣ, ಯಾವುದನ್ನು ಆರಿಸಬೇಕು ಎಂದು ಹೇಳುತ್ತಾ ಓಡಾಡುತ್ತಾರೆ. ಒಲೆಗಳು ಕೋರ್‌ಗಳು. ಮುಖ್ಯ ಭಟ್ಟರು ಆಪರೇಟಿಂಗ್ ಸಿಸ್ಟಂ.

ಭಟ್ಟರ ಕೈಯಲ್ಲಿ ಉಳಿತಾಯದ ಎರಡು ಉಪಾಯ ಇವೆ. ಒಂದು, ಉರಿ ಸಣ್ಣ ಮಾಡುವುದು. ಪ್ರಾಸೆಸರ್ ಭಾಷೆಯಲ್ಲಿ ಇದಕ್ಕೆ ಪಿ-ಸ್ಟೇಟ್ ಎನ್ನುತ್ತಾರೆ: ಕೋರ್ ಕೆಲಸ ಮಾಡುತ್ತಲೇ ಇರುತ್ತದೆ, ವೇಗ ಮತ್ತು ವೋಲ್ಟೇಜ್ ಇಳಿದಿರುತ್ತವೆ. ಇನ್ನೊಂದು, ಒಲೆಯನ್ನೇ ಆರಿಸುವುದು. ಇದು ಸಿ-ಸ್ಟೇಟ್. ಸಿ0 ಎಂದರೆ ಎಚ್ಚರ, ಸಿ1 ಎಂದರೆ ತೂಕಡಿಕೆ, ಸಂಖ್ಯೆ ಹೆಚ್ಚಿದಷ್ಟೂ ಗಾಢ ನಿದ್ದೆ. ನಿದ್ದೆ ಗಾಢವಾದಷ್ಟೂ ಉಳಿತಾಯ ಹೆಚ್ಚು, ಎಬ್ಬಿಸಲು ಹಿಡಿಯುವ ಸಮಯವೂ ಹೆಚ್ಚು. ಸೌದೆ ಒಲೆ ಆರಿಸಿ ಮತ್ತೆ ಹೊತ್ತಿಸುವವರಿಗೆ ಈ ಕಷ್ಟ ಗೊತ್ತು. ಎರಡು ನಿಮಿಷದಲ್ಲಿ ಮತ್ತೆ ಬೇಕು ಎಂದರೆ ಆರಿಸಬಾರದು, ಅರ್ಧ ಗಂಟೆ ಬೇಡ ಎಂದರೆ ಆರಿಸದೆ ಬಿಡಬಾರದು. ಹಾಗಾದರೆ ಮುಂದೆ ಏನು ಬೇಕಾಗುತ್ತದೆ ಎಂದು ಊಹಿಸಬೇಕು. ಕಂಪ್ಯೂಟರ್‌ನೊಳಗೆ ಈ ಊಹೆ ಸೆಕೆಂಡಿಗೆ ಸಾವಿರಾರು ಸಲ ನಡೆಯಬಹುದು. ಆಪರೇಟಿಂಗ್ ಸಿಸ್ಟಂ ಮತ್ತು ಯಂತ್ರಾಂಶ ಈ ಬಗ್ಗೆ ಒಂದೇ ಭಾಷೆಯಲ್ಲಿ ಮಾತಾಡಲಿ ಎಂದು ಇಂಟೆಲ್, ಮೈಕ್ರೋಸಾಫ್ಟ್, ತೊಶಿಬಾ ಸೇರಿ 1996ರಲ್ಲಿ ಒಂದು ಒಪ್ಪಂದದ ನಿಯಮಾವಳಿ ಮಾಡಿದವು. ಅದರ ಹೆಸರು ಎಸಿಪಿಐ.

ಈಗ 2005ಕ್ಕೆ ಬರೋಣ. ಎರಡು ಕೋರ್‌ನ ಪ್ರಾಸೆಸರ್ ಅಂಗಡಿಗೆ ಬಂದಾಗ ಮನೆಗಳಲ್ಲಿ ಇದ್ದದ್ದು ವಿಂಡೋಸ್ ಎಕ್ಸ್‌ಪಿ, ಅದರ ಎರಡನೇ ಸರ್ವೀಸ್ ಪ್ಯಾಕ್. ಎಕ್ಸ್‌ಪಿಗೆ ಉರಿ ಸಣ್ಣ ಮಾಡುವ ವಿದ್ಯೆ ಗೊತ್ತಿತ್ತು, ಆದರೆ ಅದನ್ನು ಕಲಿತದ್ದು ಒಂದೇ ಪ್ರಾಸೆಸರ್ ಇರುವ ಲ್ಯಾಪ್‌ಟಾಪ್‌ಗಳ ಕಾಲದಲ್ಲಿ. ಹೊಸ ಚಿಪ್ ಮೇಲೆ ಏನಾಯಿತು ನೋಡಿ. ಒಂದೇ ದೊಡ್ಡ ಕೆಲಸ ಇದೆ ಎಂದುಕೊಳ್ಳಿ. ಅದನ್ನು ಸಿಸ್ಟಂ ಒಮ್ಮೆ ಈ ಕೋರ್ ಮೇಲೆ, ಒಮ್ಮೆ ಆ ಕೋರ್ ಮೇಲೆ ಓಡಿಸುತ್ತದೆ. ಹಾಗಾಗಿ ಪ್ರತಿ ಕೋರ್ ಅರ್ಧ ಹೊತ್ತು ಖಾಲಿ ಇರುವಂತೆ ಕಾಣುತ್ತದೆ. ಒಬ್ಬನೇ ಅಡುಗೆಯವನು ಎರಡು ಒಲೆಗಳ ನಡುವೆ ಓಡಾಡುತ್ತಾ ದೋಸೆ ಹುಯ್ಯುತ್ತಿದ್ದಾನೆ. ಭಟ್ಟರು ಒಂದೊಂದೇ ಒಲೆ ನೋಡಿ 'ಇದು ಅರ್ಧ ಹೊತ್ತು ಖಾಲಿ, ಉರಿ ಇಳಿಸು', 'ಇದೂ ಅರ್ಧ ಹೊತ್ತು ಖಾಲಿ, ಇದನ್ನೂ ಇಳಿಸು' ಎಂದುಬಿಟ್ಟರು. ದೋಸೆ ಬೇಯುವುದು ತಡವಾಯಿತು. ಜನ ದುಡ್ಡು ಕೊಟ್ಟು ಹೊಸ ಕಂಪ್ಯೂಟರ್ ತಂದರು, ಕೆಲವು ಕೆಲಸಗಳಲ್ಲಿ ಅದು ಇರಬೇಕಾದ್ದಕ್ಕಿಂತ ನಿಧಾನ.

ಇನ್ನೊಂದು ವಿಚಿತ್ರವೂ ಇತ್ತು. ಪ್ರತಿ ಕೋರ್‌ನೊಳಗೂ ತನ್ನ ಬಡಿತಗಳನ್ನು ಎಣಿಸುವ ಒಂದು ಲೆಕ್ಕಗಣಕ ಇರುತ್ತದೆ. ಅದನ್ನು ಆಟಗಳು ಗಡಿಯಾರದಂತೆ ಬಳಸುತ್ತಿದ್ದವು. ಕೋರ್ ವಿಶ್ರಾಂತಿಗೆ ಹೋದಾಗ, ವೇಗ ಇಳಿದಾಗ, ಎಣಿಕೆಯೂ ನಿಧಾನವಾಗುತ್ತಿತ್ತು. ಹೀಗೆ ಎರಡು ಕೋರ್‌ಗಳ ಗಡಿಯಾರ ಬೇರೆ ಬೇರೆಯಾದವು. ಆಟ ಈ ಕೋರ್‌ನಲ್ಲಿ ಸಮಯ ಕೇಳಿ, ಮರುಕ್ಷಣ ಆ ಕೋರ್‌ನಲ್ಲಿ ಕೇಳಿದರೆ, ಕಾಲ ಹಿಂದಕ್ಕೆ ಹೋದಂತೆ ಉತ್ತರ ಬರುತ್ತಿತ್ತು. ಪರದೆಯ ಮೇಲಿನ ಆಟಗಾರ ಒಮ್ಮೆ ಹಾರುತ್ತಾನೆ, ಒಮ್ಮೆ ತಡವರಿಸುತ್ತಾನೆ. ಆಡುವವರು ಗ್ರಾಫಿಕ್ಸ್ ಕಾರ್ಡನ್ನು ಬೈದರು. ಅದರ ತಪ್ಪೇನೂ ಇರಲಿಲ್ಲ.

ಎಎಂಡಿ ಗಡಿಯಾರಗಳನ್ನು ಹೊಂದಿಸುವ ಒಂದು ಸಣ್ಣ ತಂತ್ರಾಂಶ ಕೊಟ್ಟಿತು. ಮೈಕ್ರೋಸಾಫ್ಟ್ ಕೆಬಿ 896256 ಎಂಬ ಸಂಖ್ಯೆಯ ತಿದ್ದುಪಡಿ ತಂದಿತು. ಕೋರ್‌ಗಳನ್ನು ಒಂದೊಂದಾಗಿ ನೋಡದೆ ಇಡೀ ಪ್ರಾಸೆಸರನ್ನು ಒಟ್ಟಾಗಿ ಗಮನಿಸುವುದನ್ನು ಅದು ಎಕ್ಸ್‌ಪಿಗೆ ಕಲಿಸಿತು. ಆದರೆ ಅದನ್ನು ಹಾಕಿದ ಮೇಲೂ ರಿಜಿಸ್ಟ್ರಿಯಲ್ಲಿ ಕೈಯಾರೆ ಒಂದು ಸಾಲು ಸೇರಿಸಬೇಕಿತ್ತು. ಅದನ್ನು ಮಾಡಬಲ್ಲವರು ಎಷ್ಟು ಜನ? ಔಷಧಿ ಮನೆಗೆ ಬಂದಿದೆ, ಬಾಟಲಿ ಮುಚ್ಚಳ ತೆಗೆಯಲು ಇಂಜಿನಿಯರ್ ಬೇಕು ಎಂಬ ಪರಿಸ್ಥಿತಿ. ಇವತ್ತು ಅಪ್‌ಡೇಟ್ ತಾನಾಗಿ ಬಂದು ತಾನಾಗಿ ಕೂರುತ್ತದೆ ಎಂದು ನಾವು ಗೊಣಗುತ್ತೇವೆ. ಕೈಯಾರೆ ಮಾಡಬೇಕಾಗಿದ್ದ ಕಾಲ ಹೇಗಿತ್ತು ಎಂಬುದಕ್ಕೆ ಇದು ಸಾಕ್ಷಿ.

ಒಂದು ಸಲ ಕಲಿತರೆ ಮುಗಿಯಿತಲ್ಲ ಎನ್ನಬಹುದು. ಮುಗಿಯಲಿಲ್ಲ. 2011ರ ಅಕ್ಟೋಬರ್‌ನಲ್ಲಿ ಎಎಂಡಿ ಬುಲ್ಡೋಜರ್ ಎಂಬ ಹೊಸ ವಿನ್ಯಾಸ ತಂದಿತು. ಅದರಲ್ಲಿ ಎರಡೆರಡು ಕೋರ್‌ಗಳು ಜೋಡಿಯಾಗಿ ಕೆಲವು ಸಲಕರಣೆ ಹಂಚಿಕೊಳ್ಳುತ್ತಿದ್ದವು. ಒಂದು ಒರಳುಕಲ್ಲಿಗೆ ಇಬ್ಬರು ಅಡುಗೆಯವರು ಇದ್ದಂತೆ. ವಿಂಡೋಸ್ 7ಕ್ಕೆ ಈ ಜೋಡಿ ವ್ಯವಹಾರ ಗೊತ್ತಿರಲಿಲ್ಲ. 2012ರ ಜನವರಿಯಲ್ಲಿ ಎರಡು ತಿದ್ದುಪಡಿ ಬಂದವು: ಒಂದು ಕೆಲಸ ಹಂಚುವುದಕ್ಕೆ, ಇನ್ನೊಂದು ಕೋರ್‌ಗಳನ್ನು ಮಲಗಿಸುವ ನಿಯಮಕ್ಕೆ. ಮತ್ತೆ 2021ರ ಅಕ್ಟೋಬರ್ 5ಕ್ಕೆ ವಿಂಡೋಸ್ 11 ಬಂದಾಗ ಎಎಂಡಿಯ ರೈಜನ್ ಚಿಪ್‌ಗಳು ಮುಗ್ಗರಿಸಿದವು. ಚಿಪ್‌ನೊಳಗಿನ ಎಲ್3 ಎಂಬ ಹತ್ತಿರದ ಉಗ್ರಾಣದಿಂದ ಮಾಹಿತಿ ತರಲು ಮೂರು ಪಟ್ಟು ಸಮಯ ಹಿಡಿಯತೊಡಗಿತು. ಚಿಪ್ ತನ್ನಲ್ಲಿ ಅತಿ ವೇಗದ ಕೋರ್ ಯಾವುದು ಎಂದು ಹೇಳುತ್ತಿದ್ದರೂ ವಿಂಡೋಸ್ ಅದನ್ನು ಸರಿಯಾಗಿ ಆರಿಸುತ್ತಿರಲಿಲ್ಲ. ಕೆಲವು ತಂತ್ರಾಂಶಗಳು 3ರಿಂದ 5 ಶೇಕಡ, ಕೆಲವು ಆಟಗಳು 10ರಿಂದ 15 ಶೇಕಡದವರೆಗೆ ನಿಧಾನ ಎಂದು ಕಂಪನಿಯೇ ಹೇಳಿತು. ಅಕ್ಟೋಬರ್ 21ಕ್ಕೆ ತಿದ್ದುಪಡಿ ಬಂತು. ಹದಿನಾರು ದಿನ. ಆಗ 'ಅಪ್‌ಡೇಟ್ ಆಮೇಲೆ' ಎಂದು ಒತ್ತುತ್ತಾ ಕೂತವರು ತಮ್ಮ ಚಿಪ್‌ನ ಒಂದು ಪಾಲನ್ನು ಸುಮ್ಮನೆ ಬಿಟ್ಟುಕೊಟ್ಟಂತಾಯಿತು.

ಅದೇ ವರ್ಷ ನವೆಂಬರ್‌ನಲ್ಲಿ ಇಂಟೆಲ್‌ನ 12ನೇ ತಲೆಮಾರು ಬಂತು. ಅದರಲ್ಲಿ ಕೋರ್‌ಗಳೇ ಎರಡು ಜಾತಿ. ದೊಡ್ಡ ಕೆಲಸಕ್ಕೆ ಬಲವಾದವು, ಚಿಲ್ಲರೆ ಕೆಲಸಕ್ಕೆ ಮಿತವ್ಯಯದವು. ನಿಮ್ಮ ಜೇಬಿನ ಫೋನಿನಲ್ಲಿ ಇದು ಎಷ್ಟೋ ವರ್ಷಗಳಿಂದ ಇದೆ, 2020ರ ಕೊನೆಗೆ ಬಂದ ಆಪಲ್‌ನ ಎಂ1ನಲ್ಲೂ ನಾಲ್ಕು ಬಲವಾದವು, ನಾಲ್ಕು ಮಿತವ್ಯಯದವು. ಈಗ ಭಟ್ಟರ ಕೆಲಸ ಇನ್ನೂ ಕಷ್ಟ. ಯಾವುದನ್ನು ದೊಡ್ಡ ಒಲೆಗೆ, ಯಾವುದನ್ನು ಸಣ್ಣದಕ್ಕೆ? ಹಿಂದೆ ಸದ್ದಿಲ್ಲದೆ ಫೋಟೋ ಸಿಂಕ್ ಆಗುತ್ತಿದ್ದರೆ ಸಣ್ಣದು ಸಾಕು. ನೀವು ವಿಡಿಯೋ ಕರೆಯಲ್ಲಿ ಅಜ್ಜಿಯ ಜೊತೆ ಮಾತಾಡುತ್ತಿದ್ದರೆ ದೊಡ್ಡದು ಬೇಕಾಗಬಹುದು. ಚಿಪ್ ಸುಳಿವು ಕೊಡುತ್ತದೆ, ತೀರ್ಮಾನ ಆಪರೇಟಿಂಗ್ ಸಿಸ್ಟಂನದು.

ವಿಂಡೋಸ್ ಬಗ್ಗೆ ಇಷ್ಟು ಹೇಳಿ ಲಿನಕ್ಸ್ ಬಿಟ್ಟರೆ ತಪ್ಪಾಗುತ್ತದೆ. ಅಲ್ಲಿ ಕೋಡ್ ಎಲ್ಲರಿಗೂ ತೆರೆದಿದೆ, ಯಾರು ಏನು ಬರೆದರು ಎಂಬುದೂ ದಾಖಲಾಗಿರುತ್ತದೆ. 2004ರಲ್ಲಿ ಲಿನಕ್ಸ್‌ಗೆ 'ಆನ್‌ಡಿಮ್ಯಾಂಡ್' ಎಂಬ ಮೇಲ್ವಿಚಾರಕ ಬಂದ. ಕೆಲಸ ಬಂದ ಕೂಡಲೇ ವೇಗ ಏರಿಸು, ಇಲ್ಲದಿದ್ದರೆ ಇಳಿಸು ಎಂಬುದು ಅವನ ಧರ್ಮ. ಅದನ್ನು ರೂಪಿಸಿದವರಲ್ಲಿ ಒಬ್ಬರು ಇಂಟೆಲ್‌ನಲ್ಲಿದ್ದ ವೆಂಕಟೇಶ್ ಪಳ್ಳಿಪಾಡಿ. ಕೋರ್‌ಗಳ ನಿದ್ದೆಯನ್ನು ನೋಡಿಕೊಳ್ಳುವ ಭಾಗದ ಬಗ್ಗೆ ಅವರು ಮತ್ತು ಸಂಗಡಿಗರು 2007ರಲ್ಲಿ ಒಟ್ಟಾವಾದ ಲಿನಕ್ಸ್ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧದ ಶೀರ್ಷಿಕೆಯನ್ನು ಕನ್ನಡದಲ್ಲಿ ಹೇಳಿದರೆ 'ಏನೂ ಮಾಡದಿರುವುದನ್ನು ದಕ್ಷವಾಗಿ ಮಾಡು' ಎಂದಾಗುತ್ತದೆ. ತಮಾಷೆಯಂತೆ ಕೇಳಿಸುತ್ತದೆ, ವಿಷಯ ಗಂಭೀರ. ನೀವು ಪುಟ ಓದುತ್ತಾ ಕೂತಾಗ, ಒಂದು ಅಕ್ಷರ ಒತ್ತಿ ಇನ್ನೊಂದು ಒತ್ತುವ ನಡುವೆ, ಕಂಪ್ಯೂಟರ್ ಬಹುಪಾಲು ಖಾಲಿ. ಆ ಖಾಲಿ ಹೊತ್ತನ್ನು ಹೇಗೆ ಕಳೆಯುತ್ತದೆ ಎಂಬುದರ ಮೇಲೆ ನಿಮ್ಮ ಬ್ಯಾಟರಿಯ ಆಯುಸ್ಸು ನಿಂತಿದೆ.

ಹಿಂದೆ ಆಪರೇಟಿಂಗ್ ಸಿಸ್ಟಂಗಳು ಕೆಲಸ ಇರಲಿ ಬಿಡಲಿ, ಸೆಕೆಂಡಿಗೆ ನೂರೋ ಸಾವಿರವೋ ಸಲ ಕೋರನ್ನು ತಟ್ಟಿ ಎಬ್ಬಿಸಿ 'ಏನಾದರೂ ಇದೆಯಾ' ಎಂದು ಕೇಳುತ್ತಿದ್ದವು. ಹೀಗೆ ತಟ್ಟುತ್ತಿದ್ದರೆ ಯಾರಿಗೆ ತಾನೇ ಗಾಢ ನಿದ್ದೆ ಬರುತ್ತದೆ? 2007ರಲ್ಲಿ ಲಿನಕ್ಸ್ ಈ ತಟ್ಟುವಿಕೆಯನ್ನು ಕೆಲಸ ಇಲ್ಲದಾಗ ನಿಲ್ಲಿಸಿತು. ವಿಂಡೋಸ್ 8 ಕೂಡ ಮುಂದೆ ಹಾಗೆಯೇ ಮಾಡಿತು.

ಇನ್ನೊಂದು ಅಧ್ಯಾಯ ಬೆಂಗಳೂರಿನದು. ಐಬಿಎಂನ ಬೆಂಗಳೂರು ಲಿನಕ್ಸ್ ತಂಡದ ವೈದ್ಯನಾಥನ್ ಶ್ರೀನಿವಾಸನ್ ಮತ್ತು ಸಹೋದ್ಯೋಗಿಗಳು 2008ರ ಸುಮಾರಿಗೆ ಒಂದು ಪ್ರಶ್ನೆ ಹಿಡಿದರು. ಒಂದು ಸರ್ವರ್‌ನಲ್ಲಿ ಹಲವು ಪ್ರಾಸೆಸರ್, ಪ್ರತಿಯೊಂದರಲ್ಲಿ ಹಲವು ಕೋರ್. ಕೆಲಸ ಸ್ವಲ್ಪವೇ ಇದ್ದಾಗ ಅದನ್ನು ಎಲ್ಲ ಕಡೆ ಚೆಲ್ಲಬೇಕೋ, ಒಂದೇ ಕಡೆ ಒಟ್ಟುಗೂಡಿಸಬೇಕೋ? ಮದುವೆಯ ಕೊನೆಯ ಪಂಕ್ತಿ ನೆನೆಸಿಕೊಳ್ಳಿ. ಉಳಿದವರು ಹದಿನೈದು ಜನ. ಮೂರು ಹಾಲ್‌ನಲ್ಲಿ ಐದೈದು ಜನರನ್ನು ಕೂರಿಸಿದರೆ ಮೂರು ಕಡೆಯೂ ಫ್ಯಾನು, ದೀಪ, ಬಡಿಸುವವರು ಬೇಕು. ಒಂದರಲ್ಲೇ ಕೂರಿಸಿ ಉಳಿದೆರಡರ ದೀಪ ಆರಿಸುವುದು ಜಾಣತನ. ಈ ಜಾಣತನವನ್ನು ಅವರು ಲಿನಕ್ಸ್‌ನಲ್ಲಿ ಈ ಮೊದಲೇ ಇದ್ದ ವ್ಯವಸ್ಥೆಗೆ ಸೇರಿಸಿ ಬೆಳೆಸಿದರು. 2009ರಲ್ಲಿ ಅದು ಬಿಡುಗಡೆಯಾಯಿತು. 2012ರಲ್ಲಿ ಆ ಇಡೀ ವ್ಯವಸ್ಥೆಯನ್ನು ಲಿನಕ್ಸ್‌ನಿಂದ ತೆಗೆದುಹಾಕಿದರು. ಕೋಡ್ ತುಂಬಾ ಜಟಿಲ, ಸರಿಯಾಗಿ ನೋಡಿಕೊಳ್ಳುವವರಿಲ್ಲ ಎಂಬುದು ಕಾರಣ. ಪ್ರಶ್ನೆ ಮಾತ್ರ ಬದುಕಿತು. ಬೇರೆ ರೂಪದಲ್ಲಿ, ಫೋನುಗಳ ದೊಡ್ಡ-ಸಣ್ಣ ಕೋರ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಂಡು, ಶಕ್ತಿಯ ಅರಿವಿರುವ ಕೆಲಸ ಹಂಚಿಕೆ 2019ರಲ್ಲಿ ಲಿನಕ್ಸ್ 5.0ಗೆ ಬಂತು. ಕೋಡ್ ಬರೆಯಬೇಕೆಂದಿರುವ ನಿಮಗೆ ಈ ಕಥೆ ಯಾಕೆ ಹೇಳಿದೆ ಎಂದರೆ, ಒಳ್ಳೆಯ ಕೆಲಸಕ್ಕೂ ಮೂರು ವರ್ಷದ ಆಯುಸ್ಸು ಇರಬಹುದು. ಆದರೂ ಅದು ವ್ಯರ್ಥವಲ್ಲ.

ಇಲ್ಲಿಯವರೆಗೆ ಹೇಳಿದ್ದು ತಂತ್ರದ ವಿಷಯ. ಈಗ ನಂಬಿಕೆಯ ವಿಷಯಕ್ಕೆ ಬರುತ್ತೇನೆ. ಇದನ್ನು ನಿಮ್ಮ ಐಫೋನ್ ಹೇಳುತ್ತದೆ. 2017ರ ಆರಂಭದಲ್ಲಿ ಆಪಲ್ ಒಂದು ಅಪ್‌ಡೇಟ್ ಕಳಿಸಿತು. ಬ್ಯಾಟರಿ ಹಳೆಯದಾದ ಫೋನುಗಳಲ್ಲಿ ಪ್ರಾಸೆಸರ್ ಒಮ್ಮೆಲೇ ಜೋರಾಗಿ ಓಡಿದರೆ ಬ್ಯಾಟರಿಗೆ ಅಷ್ಟು ಕೊಡಲು ಆಗುತ್ತಿರಲಿಲ್ಲ, ಫೋನು ತಟ್ಟನೆ ಆಫ್ ಆಗುತ್ತಿತ್ತು. ಆ ಅಪ್‌ಡೇಟ್ ಪ್ರಾಸೆಸರ್‌ನ ವೇಗಕ್ಕೆ ಮಿತಿ ಹಾಕಿ ಇದನ್ನು ತಡೆಯಿತು. ಇಂಜಿನಿಯರಿಂಗ್ ದೃಷ್ಟಿಯಿಂದ ಇದು ಸಮಂಜಸವೇ. ಕಾಯಿಲೆ ಇರುವವರನ್ನು ಮೆಟ್ಟಿಲು ಓಡಿಸಬಾರದು. ಆದರೆ ಫೋನಿನ ಒಡೆಯರಿಗೆ ಇದನ್ನು ಸ್ಪಷ್ಟವಾಗಿ ಹೇಳಿರಲಿಲ್ಲ. ಫೋನು ನಿಧಾನವಾಯಿತು, ಹೊಸದು ತೆಗೆದುಕೊಳ್ಳಬೇಕೇನೋ ಎಂದು ಎಷ್ಟೋ ಜನ ಅಂದುಕೊಂಡರು. ಹೊಸ ಬ್ಯಾಟರಿ ಹಾಕಿದ್ದರೆ ಸಾಕಾಗಿತ್ತು. ಡಿಸೆಂಬರ್‌ನಲ್ಲಿ ವಿಷಯ ಹೊರಬಂದು, ಕಂಪನಿ ಒಪ್ಪಿಕೊಂಡು ಕ್ಷಮೆ ಕೇಳಿತು. ಬ್ಯಾಟರಿ ಬದಲಿಸುವ ದರವನ್ನು 79 ಡಾಲರ್‌ನಿಂದ 29ಕ್ಕೆ ಇಳಿಸಿತು. 2020ರಲ್ಲಿ ಫ್ರಾನ್ಸ್ ಎರಡೂವರೆ ಕೋಟಿ ಯೂರೋ ದಂಡ ಹಾಕಿತು, ಅಮೆರಿಕದಲ್ಲಿ 50 ಕೋಟಿ ಡಾಲರ್‌ವರೆಗಿನ ರಾಜಿಗೆ ಕಂಪನಿ ಒಪ್ಪಿತು. ಈಗ ನಿಮ್ಮ ಫೋನಿನ ಸೆಟ್ಟಿಂಗ್‌ನಲ್ಲಿ ಬ್ಯಾಟರಿಯ ಆರೋಗ್ಯ ಎಷ್ಟು ಶೇಕಡ ಎಂದು ಕಾಣುತ್ತದಲ್ಲ, ಅದು ಈ ಗಲಾಟೆಯ ಫಲ.

ನನ್ನ ಅಭಿಪ್ರಾಯ ಇಷ್ಟೇ. ಅಪ್‌ಡೇಟ್ ಎಂದರೆ ನಾವು ಕೊಂಡ ವಸ್ತುವಿನ ಒಳಕ್ಕೆ ಬೇರೆಯವರು ಬಂದು ಏನನ್ನೋ ಸರಿಮಾಡಿ ಹೋಗುವುದು. ಅವರು ಬರುವುದು ಬೇಕು, ಬರದಿದ್ದರೆ ಮನೆ ಹಾಳಾಗುತ್ತದೆ. ಬಂದವರು ಏನು ಮಾಡಿದರು ಎಂದು ಹೇಳಿ ಹೋಗಬೇಕು. ಮುಂದೆ ನಿಮ್ಮಲ್ಲಿ ಕೆಲವರು ಇಂಥ ಕಂಪನಿಗಳಲ್ಲಿ ಕೂತು ಈ ಕೋಡ್ ಬರೆಯುತ್ತೀರಿ. ಒಬ್ಬ ವಯಸ್ಸಾದವರ ಫೋನನ್ನು ನಿಧಾನ ಮಾಡುವ ಸಾಲು ಬರೆಯಬೇಕಾಗಿ ಬಂದರೆ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಅದನ್ನು ಹೇಳುವ ಸಾಲನ್ನೂ ಬರೆಯಿರಿ.

ಇನ್ನು ಮನೆಯ ಮಾತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಹತ್ತು ವರ್ಷ ನಡೆದ ವ್ಯವಸ್ಥೆ. ನೋಂದಾಯಿಸಿಕೊಂಡವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ತಿದ್ದುಪಡಿಗಳನ್ನು ಮುಂದುವರಿಸುವುದಾಗಿ ಮೈಕ್ರೋಸಾಫ್ಟ್ ಘೋಷಿಸಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, ಸಾಮಾನ್ಯವಾಗಿ ಇಂಟೆಲ್‌ನ 8ನೇ ತಲೆಮಾರು ಅಥವಾ ಅದರ ನಂತರದ ಪ್ರಾಸೆಸರ್ ಇರಬೇಕು. ಊರಿನ ಎಷ್ಟೋ ಮನೆಗಳಲ್ಲಿ ಇರುವುದು ಅದಕ್ಕಿಂತ ಹಳೆಯ ಲ್ಯಾಪ್‌ಟಾಪ್. ಹಲವು ಸಲ ಅದು ಇಲ್ಲಿಂದ ನಾವೇ ರಜೆಗೆ ಹೋದಾಗ ಕೊಟ್ಟು ಬಂದದ್ದು. ಯಂತ್ರ ಚೆನ್ನಾಗಿಯೇ ಓಡುತ್ತಿದೆ, ನೋಡಿಕೊಳ್ಳುವವರು ಹೋಗಿಬಿಟ್ಟಿದ್ದಾರೆ. ಅದೇ ಲ್ಯಾಪ್‌ಟಾಪಿನಲ್ಲಿ ತಾತ ಪಿಂಚಣಿಯ ಲೆಕ್ಕ ನೋಡುತ್ತಾರೆ, ಬ್ಯಾಂಕಿಗೆ ಲಾಗಿನ್ ಆಗುತ್ತಾರೆ. ಅಪಾಯ ಇರುವುದು ಇಲ್ಲಿ.

ಹಾಗಾಗಿ ನಿಮಗೆ ಕೆಲವು ಕೆಲಸ ಹೇಳುತ್ತೇನೆ. ಮೊದಲನೆಯದು, ಊರಿಗೆ ಫೋನ್ ಮಾಡಿದಾಗ ಅವರ ಕಂಪ್ಯೂಟರ್‌ನಲ್ಲಿ ಯಾವ ವಿಂಡೋಸ್ ಇದೆ ಎಂದು ಕೇಳಿ. 10 ಆಗಿದ್ದರೆ ಸೆಟ್ಟಿಂಗ್‌ನ ವಿಂಡೋಸ್ ಅಪ್‌ಡೇಟ್ ಪುಟ ತೆಗೆಸಿ, 11ಕ್ಕೆ ಹೋಗಬಹುದೇ, ಇಲ್ಲವಾದರೆ ಹೆಚ್ಚುವರಿ ಭದ್ರತೆಗೆ ನೋಂದಾಯಿಸಬಹುದೇ ಎಂದು ನೋಡಿ. ಎರಡೂ ಆಗದಿದ್ದರೆ ಲಿನಕ್ಸ್ ಹಾಕಿಕೊಡಬಹುದು, ಬ್ರೌಸರ್ ಮತ್ತು ವಿಡಿಯೋ ಕರೆಗೆ ಅದು ಧಾರಾಳ ಸಾಕು. ಅದೂ ಬೇಡವೆಂದರೆ ಬ್ಯಾಂಕಿನ ಕೆಲಸವನ್ನಾದರೂ ಅಪ್‌ಡೇಟ್ ಬರುತ್ತಿರುವ ಫೋನಿಗೆ ಬದಲಿಸಿ.

ಎರಡನೆಯದು, ಕರೆಂಟ್ ಹೋಗುವ ಊರಿನಲ್ಲಿ ಅಪ್‌ಡೇಟ್ ಹೇಗೆ ಮಾಡಬೇಕು ಎಂದು ತಿಳಿಸಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿರಲಿ, ಚಾರ್ಜರ್ ಹಾಕಿರಲಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ. ಮುಖ್ಯವಾಗಿ ಬಯಾಸ್ ಅಥವಾ ಫರ್ಮ್‌ವೇರ್ ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ಯಂತ್ರ ಮತ್ತೆ ಏಳದೆಯೇ ಇರಬಹುದು. ಲೋಡ್ ಶೆಡ್ಡಿಂಗ್ ಸಮಯದಲ್ಲಿ ಅದಕ್ಕೆ ಕೈ ಹಾಕಲೇಬೇಡಿ. ಪರದೆ ಕಪ್ಪಾಗಿ ಸುತ್ತುತ್ತಿದ್ದರೆ ಸ್ವಿಚ್ ಆರಿಸುವ ನಮ್ಮ ಹಳೆಯ ಅಭ್ಯಾಸ ಬೇಡ, ಕಾಫಿ ಕುಡಿದು ಬನ್ನಿ ಎಂದು ಹೇಳಿ.

ಮೂರನೆಯದು ನಿಮ್ಮ ಸ್ವಂತ ಯಂತ್ರದ ಬಗ್ಗೆ. ವಿಂಡೋಸ್ 11ರಲ್ಲಿ ಪವರ್ ಮೋಡ್ ಎಂಬ ಆಯ್ಕೆ ಇದೆ. ಅತಿ ಹೆಚ್ಚಿನ ವೇಗ ಎಂದು ಇಟ್ಟು ಮರೆತುಬಿಟ್ಟವರು ಬಹಳ. ಓದು ಬರಹಕ್ಕೆ ನಡುವಿನದು ಸಾಕು, ಲೈಬ್ರರಿಯಲ್ಲಿ ಪ್ಲಗ್ ಇಲ್ಲದಿದ್ದರೆ ಮಿತವ್ಯಯದ್ದು. 'ಆಕ್ಟಿವ್ ಅವರ್ಸ್' ಸರಿಯಾಗಿ ತುಂಬಿದರೆ ಪರೀಕ್ಷೆಯ ಮಧ್ಯೆ ರೀಸ್ಟಾರ್ಟ್ ಆಗುವ ಭಯ ಇಲ್ಲ. ವಿಂಡೋಸ್ 11 ಈಗ ಕರೆಂಟಿನ ಮೂಲವನ್ನೂ ಗಮನಿಸುತ್ತದೆ. ಯಂತ್ರ ಪ್ಲಗ್‌ನಲ್ಲಿದ್ದು, ಆ ಪ್ರದೇಶದ ಮಾಹಿತಿ ಸಿಕ್ಕಿದರೆ, ಇಂಗಾಲದ ಪಾಲು ಕಡಿಮೆ ಇರುವ ಹೊತ್ತಿನಲ್ಲಿ ಅಪ್‌ಡೇಟ್ ಹಾಕಲು ನೋಡುತ್ತದೆ. ಕೊಲಂಬಿಯಾ ನದಿಯ ಜಲವಿದ್ಯುತ್ತು ಇರುವ ವಾಷಿಂಗ್ಟನ್‌ನಲ್ಲಿ ಇರುವವರಿಗೂ, 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಜಲವಿದ್ಯುತ್ತು ಕಳಿಸಿದ ನಾಡಿನ ಮಕ್ಕಳಿಗೂ ಈ ಯೋಚನೆ ಅಪರಿಚಿತವೇನಲ್ಲ.

ನಾಲ್ಕನೆಯದು, ಹೊಸ ಫೋನೋ ಲ್ಯಾಪ್‌ಟಾಪೋ ಕೊಳ್ಳುವಾಗ ಎಷ್ಟು ಕೋರ್, ಎಷ್ಟು ಗಿಗಾಹರ್ಟ್ಸ್ ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೀರಿ? 2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ, 2024ರಲ್ಲಿ ಸ್ಯಾಮ್ಸಂಗ್ ತನ್ನ ಎಸ್24ಕ್ಕೆ ಏಳು ವರ್ಷದ ಮಾತು ಕೊಟ್ಟವು. ಕೊಳ್ಳುವವರು ಕೇಳುತ್ತಾ ಹೋದರೆ ಉಳಿದವರೂ ಕೊಡುತ್ತಾರೆ. ಕೆಲಸ ಮಾಡುವ ಯಂತ್ರ ಕಸದ ರಾಶಿ ಸೇರುವುದು ಅಷ್ಟು ವರ್ಷ ಮುಂದಕ್ಕೆ ಹೋಗುತ್ತದೆ.

2024ರ ನವೆಂಬರ್ 19ರ ರಾತ್ರಿ ಇಲ್ಲಿ ಬೀಸಿದ ಬಿರುಗಾಳಿ ನಿಮ್ಮಲ್ಲಿ ಸಿಯಾಟಲ್ ಕಡೆಯವರಿಗೆ ನೆನಪಿರುತ್ತದೆ. ಬೆಲ್ವ್ಯೂ ಸುತ್ತಮುತ್ತ ಮರಗಳು ಉರುಳಿ, ಎಷ್ಟೋ ಮನೆಗಳಲ್ಲಿ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಅಂಥ ಹೊತ್ತಿನಲ್ಲಿ ಬ್ಯಾಟರಿಯ ಪ್ರತಿ ಶೇಕಡವೂ ಲೆಕ್ಕಕ್ಕೆ ಬರುತ್ತದೆ. ಊರಿಗೆ ಒಂದು ಸಂದೇಶ ಕಳಿಸಲು, ನೆರೆಯವರನ್ನು ವಿಚಾರಿಸಲು ಉಳಿಯುವ ಆ ಶೇಕಡಗಳನ್ನು ಉಳಿಸಿಕೊಡುವುದು ಯಾರೋ ಎಲ್ಲೋ ಕೂತು, ಬೇಡದ ಕೋರನ್ನು ಮಲಗಿಸಲು ಬರೆದ ಕೆಲವು ಸಾಲುಗಳು. ಅವು ನಿಮ್ಮ ಯಂತ್ರಕ್ಕೆ ಬಂದು ಸೇರಿವೆಯೇ ಎಂದು ಇವತ್ತೇ ನೋಡಿಕೊಳ್ಳಿ. ಈ ಭಾನುವಾರ ಊರಿಗೆ ಕರೆ ಮಾಡಿದಾಗ ಹತ್ತು ನಿಮಿಷ ಹೆಚ್ಚು ಇಟ್ಟುಕೊಂಡು ಅವರದ್ದನ್ನೂ ನೋಡಿ. ಆ ನೆಪದಲ್ಲಿ ಇನ್ನಷ್ಟು ಕನ್ನಡ ಮಾತಾಡಿದಂತೆಯೂ ಆಯಿತು.